ಎರಡೋ, ಒಂದೋ?

ಕಚೇರಿಯ ಲ್ಯಾಪ್‌ಟಾಪ್, ವರ್ಕ್‌ಸ್ಟೇಷನ್‌ಗಳೆಲ್ಲ ರಾತ್ರಿ ನೆಟ್‌ವರ್ಕ್ ಮೂಲಕ ತಾವಾಗಿಯೇ ಬ್ಯಾಕಪ್ ಆಗಬೇಕು ಎಂದು ಹೊರಟವರನ್ನು ಮೊದಲು ಕಾಡುವುದು ಜಾಗದ ಚಿಂತೆ. ಎಲ್ಲದರಲ್ಲೂ ಅದೇ ವಿಂಡೋಸ್, ಎಲ್ಲರ ಬಳಿಯೂ ಅದೇ ರಜಾಪಟ್ಟಿ. ಪ್ರತಿಯೊಬ್ಬರದನ್ನೂ ಬೇರೆಬೇರೆ ಇಡಬೇಕೇ? 2001ರಲ್ಲಿ ಬಂದ ಬ್ಯಾಕಪ್‌ಪಿಸಿ ಎಂಬ ಮುಕ್ತ ತಂತ್ರಾಂಶ ಬೇಡವೆಂದಿತು: ಯಾರ ಯಂತ್ರದಿಂದ ಬಂದರೇನು, ಹೂರಣ ಒಂದೇ ಆದರೆ ಸರ್ವರ್‌ನಲ್ಲಿ ಒಂದೇ ಪ್ರತಿ. 2002ರಲ್ಲಿ ಬೆಲ್ ಲ್ಯಾಬ್ಸ್‌ನ ಸೀನ್ ಕ್ವಿನ್ಲನ್, ಸೀನ್ ಡಾರ್ವರ್ಡ್ ತಮ್ಮ ‘ವೆಂಟಿ’ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ ಮತ್ತೂ ಮುಂದೆ ಹೋದರು. ಅಲ್ಲಿ ದತ್ತಾಂಶದ ತುಂಡಿಗೆ ಅದರ ಹೂರಣದಿಂದಲೇ ಲೆಕ್ಕ ಹಾಕಿದ 160 ಬಿಟ್‌ಗಳ ಎಸ್‌ಎಚ್‌ಎ-1 ಬೆರಳಚ್ಚೇ ವಿಳಾಸ.

ಇಷ್ಟು ಮಾಡುವಾಗ ಎಂಜಿನಿಯರ್ ತನಗೆ ತಿಳಿಯದೆಯೇ ಹಳೆಯ ವಾದವೊಂದರಲ್ಲಿ ಪಕ್ಷ ಹಿಡಿದಿರುತ್ತಾನೆ. ಗುಣವೆಲ್ಲ ಒಂದೇ ಇರುವ ಎರಡು ವಸ್ತುಗಳು ಎರಡೋ, ಒಂದೋ?

ಅಂಥ ಎರಡು ಇರಲಾರವು ಎಂದ ಜರ್ಮನ್ ದಾರ್ಶನಿಕ ಲೈಬ್‌ನಿಟ್ಸ್. 1716ರಲ್ಲಿ ಇಂಗ್ಲಿಷ್ ದಾರ್ಶನಿಕ ಕ್ಲಾರ್ಕ್‌ಗೆ ಬರೆದ ಪತ್ರದಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಹೆರೆನ್‌ಹೌಸನ್ ತೋಟದಲ್ಲಿ ಒಬ್ಬ ಜಾಣ ತದ್ರೂಪಿ ಎಲೆಗಳನ್ನು ಹುಡುಕಿ ಕೊಡುತ್ತೇನೆಂದ. ದೊರೆಸಾನಿ ಸೋಫಿ ‘ಆಗಲಿ ನೋಡೋಣ’ ಎಂದು ಸವಾಲು ಹಾಕಿದಳು. ಪಾಪ, ತೋಟವೆಲ್ಲ ಅಲೆದರೂ ಸಿಗಲಿಲ್ಲ.

ನಮ್ಮ ಕಣಾದನ ವೈಶೇಷಿಕ ದರ್ಶನದವರು ಇದನ್ನು ಒಪ್ಪುವವರಲ್ಲ. ಎರಡು ಗಡಿಗೆಗಳನ್ನು ಅವುಗಳ ಅವಯವಗಳಿಂದ ಬೇರೆ ಎನ್ನಬಹುದು. ಅವಯವವೇ ಇಲ್ಲದ, ಗುಣವೂ ಒಂದೇ ಆದ ಎರಡು ಪೃಥ್ವೀ ಪರಮಾಣುಗಳನ್ನು? ಒಂದೊಂದರಲ್ಲೂ ಅದರದೇ ಆದ ‘ವಿಶೇಷ’ ಇದೆ, ಆದ್ದರಿಂದ ಅವು ಎರಡೇ ಎಂದರು. ದರ್ಶನಕ್ಕೆ ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾರೆ.

ಸರ್ವರ್ ಲೈಬ್‌ನಿಟ್ಸ್ ಕಡೆಯದು. ಆದರೆ ಅದು ನೋಡುವುದು ವಸ್ತುವನ್ನಲ್ಲ, ಬೆರಳಚ್ಚನ್ನು. 2017ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಶೋಧಕರು ಎರಡು ಪಿಡಿಎಫ್‌ಗಳನ್ನು ಮುಂದಿಟ್ಟರು: ಹೂರಣ ಬೇರೆ, ಎಸ್‌ಎಚ್‌ಎ-1 ಒಂದೇ. ವೆಬ್‌ಕಿಟ್ ಬ್ರೌಸರ್ ಎಂಜಿನ್ ಯೋಜನೆಯವರು ಪರೀಕ್ಷೆಗೆಂದು ಇವನ್ನು ತಮ್ಮ ಸಬ್‌ವರ್ಷನ್ ಕೋಡ್ ಭಂಡಾರಕ್ಕೆ ಸೇರಿಸಿದ್ದೇ ತಡ, ಭಂಡಾರವೇ ಕೆಟ್ಟು ನಿಂತಿತು. ಬ್ಯಾಕಪ್‌ಪಿಸಿಯ ಹಳೆಯ ಆವೃತ್ತಿಗಳು ಬೆರಳಚ್ಚು ಹೊಂದಿದ ಮೇಲೂ ಹೂರಣವನ್ನು ತಾಳೆ ನೋಡುತ್ತಿದ್ದವು. ನಿಧಾನವೇನೋ ಹೌದು, ಆದರೆ ಆ ಅಪನಂಬಿಕೆಯಲ್ಲಿ ವಿವೇಕವಿತ್ತು.

ಇನ್ನೂ ತೊಡಕಿರುವುದು ಬೇರೆಡೆ. ಒಂದೇ ಪ್ರತಿಯನ್ನು ನೆಚ್ಚಿದವರೆಲ್ಲ ಅದು ಕೆಟ್ಟ ದಿನ ಒಟ್ಟಿಗೇ ಕಳೆದುಕೊಳ್ಳುತ್ತಾರೆ. ಹಾಗಾಗಿ ಅದರ ಮತ್ತೊಂದು ಪ್ರತಿಯನ್ನು ಇನ್ನೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದು ಊರಿನಲ್ಲಿ ಇಡಬೇಕು. ಈಗ ಬಿಟ್ ಬಿಟ್‌ಗೂ ಒಂದೇ ಆಗಿರುವ ಇವು ಎರಡಾಗಿಯೇ ಉಳಿಯಬೇಕು. ಬ್ಯಾಕಪ್ ಎಂಬುದರ ಅರ್ಥವೇ ಅದು. ಜಾಗ ಉಳಿಸುವಾಗ ಲೈಬ್‌ನಿಟ್ಸ್‌ನ ಹಿಂದೆ ಹೋದವರು ದತ್ತಾಂಶ ಉಳಿಸುವಾಗ ಕಣಾದನ ಬಾಗಿಲು ತಟ್ಟುತ್ತಾರೆ.

ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಈ ಎರಡೂ ಮತಗಳಿಗೆ ಒಂದೇ ಕಡೆ ಜಾಗವಿತ್ತು. ‘ಡೀಡಪ್‌ಡಿಟ್ಟೊ’ ಎಂಬ ಅದರ ಸೆಟ್ಟಿಂಗ್, ಒಂದು ತುಂಡನ್ನು ನೆಚ್ಚಿದವರ ಸಂಖ್ಯೆ ಗೊತ್ತುಮಾಡಿದ ಮಿತಿ ದಾಟಿದರೆ ಅದರ ಎರಡನೆಯ ಪ್ರತಿಯನ್ನು ತಾನೇ ಬರೆದಿಡುತ್ತಿತ್ತು. ಮಿತಿಯನ್ನು 100ಕ್ಕಿಂತ ಕೆಳಗೆ ಇಳಿಸುವಂತಿರಲಿಲ್ಲ. ಓಪನ್‌ಜೆಡ್‌ಎಫ್‌ಎಸ್‌ನವರು ಮುಂದೆ ಅದನ್ನು ಕೈಬಿಟ್ಟರು.