ಕಾಣದ ದೋಷಕ್ಕೆ ಪ್ರಮಾಣ

ಕಣ್ಣಿಗೆ ಬೀಳದ ವಸ್ತುವನ್ನು ಉಂಟೆಂದು ನಿಶ್ಚಯಿಸಿ, ಆ ನಿಶ್ಚಯವನ್ನೇ ನಂಬಿ ಕಾರ್ಯಕ್ಕೆ ಕೈಯಿಕ್ಕುವ ಅಧಿಕಾರವು ಮನುಷ್ಯನಿಗೆ ಎಲ್ಲಿಂದ ಬಂದಿತೆಂಬುದು ನಮ್ಮ ದರ್ಶನಗಳ ಪ್ರಾಚೀನ ವಿವಾದಗಳಲ್ಲೊಂದು. ಪ್ರತ್ಯಕ್ಷವೊಂದೇ ಪ್ರಮಾಣವೆಂದು ಚಾರ್ವಾಕರು ಹಿಡಿದರು. ಹೊಗೆಯಿಂದ ಬೆಂಕಿಯನ್ನರಿಯುವ ಅನುಮಾನವೂ ಸ್ವತಂತ್ರ ಪ್ರಮಾಣವೆಂದು ನೈಯಾಯಿಕರು ಸಾಧಿಸಿದರು. ಇದನ್ನು ಪಾಠಶಾಲೆಯ ಒಣ ತರ್ಕವೆಂದು ಬಗೆಯುವವರು, ಮನೆಯಂಗಳದಲ್ಲಿ ಕಾರಿನ ಚಕ್ರದ ಬೇರಿಂಗನ್ನು ತಾವೇ ಬದಲಿಸಲು ಒಮ್ಮೆ ಕುಳಿತು ನೋಡಬೇಕು.

ವೇಗವೇರಿದಂತೆ ಏರುವ ಗುಂಯ್ ಎಂಬ ಸದ್ದು: ಮೊದಲು ನಮಗೆ ದೊರೆಯುವ ಹೇತು ಇಷ್ಟೇ. ಏರುಪೇರಾಗಿ ಸವೆದ ಟಯರೂ ಇದೇ ಸ್ವರದಲ್ಲಿ ಮೊರೆಯುವುದರಿಂದ ಈ ಹೇತು ವ್ಯಭಿಚಾರಿ, ಸಾಧಿಸಬೇಕಾದ ದೋಷವಿಲ್ಲದೆಡೆಯಲ್ಲಿಯೂ ತಲೆದೋರುವಂಥದು. ಡಾಂಬರು ರಸ್ತೆಯಿಂದ ಕಾಂಕ್ರೀಟಿಗೆ ದಾಟಿದಾಗ ಸ್ವರ ಬದಲಾದರೆ ಶಂಕೆಯು ಟಯರಿನ ಕಡೆಗೆ. ಬದಲಾಗದೆ, ಬಲಕ್ಕೆ ತಿರುಗುವಾಗ ಗಾಡಿಯ ಭಾರವು ಎಡಕ್ಕೆ ವಾಲಿದೊಡನೆ ಹೆಚ್ಚಿ, ಎಡಕ್ಕೆ ತಿರುಗುವಾಗ ತಗ್ಗಿದರೆ, ಎಡಚಕ್ರದ ಬೇರಿಂಗಿನ ಕಡೆಗೆ. ಇದೂ ಸಾಲದು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದೆತ್ತಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಒಂದು ಕೈಯಿಂದ ಚಕ್ರವನ್ನು ಮೆಲ್ಲನೆ ತಿರುಗಿಸುತ್ತ ಇನ್ನೊಂದನ್ನು ಅದರ ಮೇಲಣ ಸುರುಳಿ ಸ್ಪ್ರಿಂಗಿನ ಮೇಲಿರಿಸಿದರೆ, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ತರಿತರಿಯಾದ ಕಂಪನವು ಬೆರಳಿಗೆ ಹರಿದುಬರುತ್ತದೆ. ಬಲಚಕ್ರದಲ್ಲಿ ಅದು ಇಲ್ಲವೆಂದು ಪರೀಕ್ಷಿಸಿ ತಿಳಿಯುವುದು ವ್ಯತಿರೇಕ.

ಇಷ್ಟಾದರೂ ದೋಷವು ಅಪ್ರತ್ಯಕ್ಷವೇ. ಉಕ್ಕಿನ ಉಂಗುರದ ನುಣುಪಾದ ಹಾದಿಯಲ್ಲಿ ಗುಂಡುಗಳು ಲೆಕ್ಕವಿಲ್ಲದಷ್ಟು ಸಲ ಉರುಳಿದ ಮೇಲೆ, ಬಿರುಕು ಅನೇಕವೇಳೆ ಮೇಲ್ಮೈಯ ಅಡಿಯಲ್ಲಿಯೇ ಹುಟ್ಟಿ, ಬಹುಕಾಲ ಮರೆಯಲ್ಲಿ ಬೆಳೆದು, ಆಮೇಲೆ ಚಕ್ಕೆಯಾಗಿ ಎದ್ದು ಸದ್ದುಮಾಡುತ್ತದೆ. ಕಣ್ಣಾರೆ ಕಂಡೇ ನಂಬುವೆನೆಂದರೆ, ಒತ್ತಿ ಕೂರಿಸಿದ ಬೇರಿಂಗಿನಿಂದ ಹಬ್ ಅನ್ನು ಎಳೆಯುವ ಬಲವೆಲ್ಲ ಗುಂಡುಗಳ ಮೂಲಕವೇ ಹಾಯುವುದರಿಂದ ನಿರ್ದೋಷವಾದುದೂ ಆ ಎಳೆತದಲ್ಲಿ ಕೆಡುತ್ತದೆ. ನೋಡಿ ಮರಳಿ ಕೂರಿಸಲು ಅವಕಾಶವಿಲ್ಲ. ನಿಶ್ಚಯವು ದರ್ಶನಕ್ಕೆ ಮೊದಲೇ ಆಗಬೇಕು. ಚಾರ್ವಾಕಮತವನ್ನು ಇಲ್ಲಿ ಆಚರಿಸಿ ಬಾಳುವುದೇ ಅಶಕ್ಯವೆಂದು ನನಗೆ ತೋರುತ್ತದೆ. 10ನೆಯ ಶತಮಾನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಶಂಕೆಗೆ ಗಡಿಯಿಟ್ಟುದು ಈ ನೆಲೆಯಲ್ಲಿಯೇ: ಶಂಕಿಸುವವನ ಸ್ವಂತ ಪ್ರವೃತ್ತಿಗೇ ವ್ಯಾಘಾತ ತರುವಲ್ಲಿಗೆ ಶಂಕೆಯು ನಿಲ್ಲತಕ್ಕದ್ದು. ಕೊಳವೆಯೊಳಗಿನ ಕಾಣದ ಬ್ರೇಕ್ ಎಣ್ಣೆಯನ್ನು ನಂಬಿ ಘಟ್ಟವಿಳಿಯುವವನು, ಕಂಡುದನ್ನು ಮಾತ್ರ ನಂಬುವೆನೆಂದು ಹೇಳಲಾರ.

ಹೊಸ ಬೇರಿಂಗನ್ನು ಕೂರಿಸುವಾಗಲೂ ಕಾಣದುದನ್ನೇ ಕಾಯಬೇಕಾಗುತ್ತದೆ. ಅದರ ಮನೆಯೊಳಕ್ಕೆ ಒತ್ತುವಾಗ ಹೊರ ಉಂಗುರವನ್ನು ಮಾತ್ರ ಒತ್ತಬೇಕು. ಒಳ ಉಂಗುರವನ್ನು ಒತ್ತಿದೆವಾದರೆ ಗುಂಡುಗಳು ತಮ್ಮ ಹಾದಿಯಲ್ಲೇ ಕುಳಿ ಕೊರೆದು, ಹೊರನೋಟಕ್ಕೆ ಅಕ್ಷತವಾದ ಬೇರಿಂಗು ಒಂದು ಸುತ್ತೂ ಉರುಳುವ ಮುನ್ನ ಕೆಟ್ಟಿರುತ್ತದೆ.

ಆದರೆ ನಿಶ್ಚಯಿಸಿ ಕೈಹಾಕಿದೆನೆಂಬ ಮಾತ್ರಕ್ಕೆ ಆ ನಿಶ್ಚಯವು ಯಥಾರ್ಥವಾಗದು. ಜ್ಞಾನಕ್ಕೆ ಪ್ರಾಮಾಣ್ಯವು ಸ್ವತಃಸಿದ್ಧವೆಂಬ ಮೀಮಾಂಸಕರ ಮತದ ಗಾಂಭೀರ್ಯವನ್ನು ನಾನು ಗೌರವಿಸುತ್ತೇನೆ. ಆದರೂ ಸಫಲಪ್ರವೃತ್ತಿಯಿಂದಲೇ ಅದು ತಿಳಿಯತಕ್ಕದ್ದೆಂಬ ನೈಯಾಯಿಕರ ಪಕ್ಷವೇ ನನಗೆ ಸಮ್ಮತ. ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಬಲತಿರುವನ್ನು ಹಾದು ಕಿವಿಗೊಡುವ ತನಕ, ಕೆಟ್ಟಿದ್ದುದು ಎಡ ಬೇರಿಂಗೇ ಎಂದು ನಾನು ಸಾರಲಾರೆನು. ಗುಂಯ್ ಎಂಬುದು ಮತ್ತೆ ಕೇಳಿಬಂದರೆ ಬಲಚಕ್ರವನ್ನೂ ಟಯರನ್ನೂ ಹೊಸದಾಗಿ ಶಂಕಿಸಲೇಬೇಕು.