ಬೀಭತ್ಸ ಯಾರದು, ಕತ್ತಲೆ ಯಾರದು?

ಈ ಕಾಯಿಲೆಗೆ ನಮ್ಮಲ್ಲಿ ಹಲವು ಹೆಸರುಗಳಿವೆ. ಹಳ್ಳಿಯಲ್ಲಿ ಮೂರ್ಛೆರೋಗ, ಪೇಟೆಯಲ್ಲಿ ಫಿಟ್ಸ್, ಪುಸ್ತಕಗಳಲ್ಲಿ ಅಪಸ್ಮಾರ. ಸ್ಮರಣೆ ತಪ್ಪಿಹೋಗುವುದು ಎಂಬುದು ಕೊನೆಯ ಹೆಸರಿನ ಅರ್ಥ. ಚರಕಸಂಹಿತೆಯ ನಿದಾನಸ್ಥಾನ ಇದಕ್ಕೊಂದು ಲಕ್ಷಣ ಹೇಳುತ್ತದೆ. ಸ್ಮೃತಿ, ಬುದ್ಧಿ, ಸತ್ತ್ವ ಮೂರೂ ಕದಡಿಹೋಗಿ, ಆಗೊಮ್ಮೆ ಈಗೊಮ್ಮೆ ಬರುವ, ಬೀಭತ್ಸವಾದ ಚೇಷ್ಟೆಗಳಿಂದ ಕೂಡಿದ ‘ತಮಃಪ್ರವೇಶ’ ಇದು. ಅಂದರೆ ಕತ್ತಲೆಯೊಳಗೆ ಹೋಗುವುದು.

ನಾನು ಇದನ್ನು ಓದಿದ್ದು ನಮ್ಮ ಮನೆಯ ನಾಯಿ ಚುಕ್ಕಿಗೆ ಈ ಕಾಯಿಲೆ ಕಾಣಿಸಿಕೊಂಡ ಮೇಲೆ. ಓದುವಾಗ ಎರಡು ಪದಗಳ ಹತ್ತಿರ ಕಣ್ಣು ನಿಂತಿತು: ಬೀಭತ್ಸ ಮತ್ತು ತಮಸ್ಸು. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಬೀಭತ್ಸ ಎಂದ ಕೂಡಲೇ ನವರಸಗಳಲ್ಲಿ ಒಂದು ಎಂದು ನೆನಪಾಗುತ್ತದೆ. ಜುಗುಪ್ಸೆ ಅದರ ಸ್ಥಾಯೀಭಾವ. ರಸ ಇರುವುದು ಪಾತ್ರದಲ್ಲಲ್ಲ, ನೋಡುವ ಸಹೃದಯನಲ್ಲಿ ಎಂದು ತರಗತಿಯಲ್ಲಿ ಕಲಿತಿದ್ದೇವೆ. ಚರಕನ ಮನಸ್ಸಿನಲ್ಲಿ ರಸಸಿದ್ಧಾಂತ ಇತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಲಕ್ಷಣವಾಕ್ಯದಲ್ಲಿ ಇಬ್ಬರಿದ್ದಾರೆ ಎಂಬುದಂತೂ ನಿಜ. ಬೀಭತ್ಸ ಕಾಣುವುದು ಹೊರಗೆ ನಿಂತು ನೋಡುವವರಿಗೆ. ಕತ್ತಲೆಗೆ ಹೋಗುವುದು ರೋಗಿ. ಚಿಕಿತ್ಸೆ ಈ ಇಬ್ಬರಲ್ಲಿ ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ಎರಡು ವರ್ಷದಿಂದ ಬಿಟ್ಟಿಲ್ಲ.

ಮನುಷ್ಯರ ವಿಷಯದಲ್ಲಿ ಈ ಪ್ರಶ್ನೆ ಇಷ್ಟು ಕಷ್ಟದ್ದಲ್ಲ, ಏಕೆಂದರೆ ಮನುಷ್ಯ ಹಿಂತಿರುಗಿ ಬಂದು ಹೇಳಬಲ್ಲ. ದಾಸ್ತೊಯೆವ್‌ಸ್ಕಿಗೆ ಅಪಸ್ಮಾರವಿತ್ತು. ‘ದಿ ಈಡಿಯಟ್’ ಕಾದಂಬರಿಯ ಪ್ರಿನ್ಸ್ ಮಿಷ್ಕಿನ್‌ಗೂ ಅದನ್ನೇ ಕೊಟ್ಟ. ಮೂರ್ಛೆ ಬರುವ ಮುಂಚಿನ ಕ್ಷಣದಲ್ಲಿ ಮಿಷ್ಕಿನ್‌ಗೆ ಆಗುವ ಬೆಳಕಿನಂಥ ಆನಂದವನ್ನು ಓದಿದವರು, ಹೊರಗಿನಿಂದ ಕಾಣುವುದಕ್ಕೂ ಒಳಗೆ ನಡೆಯುವುದಕ್ಕೂ ಎಷ್ಟು ದೂರವಿರಬಹುದು ಎಂದು ಬಲ್ಲರು. ನಾಯಿ ಇಂಥ ಯಾವ ವರದಿಯನ್ನೂ ಕೊಡುವುದಿಲ್ಲ. ಅದರ ಪರವಾಗಿ ನಾವೇ ಊಹಿಸಬೇಕು, ನಾವೇ ನಿರ್ಧರಿಸಬೇಕು.

ಚುಕ್ಕಿ ಊರನಾಯಿ. ಮೈಸೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಬೀದಿಯಲ್ಲಿ ಹುಟ್ಟಿ, ಮಳೆಗಾಲವೊಂದರಲ್ಲಿ ಒಳಗೆ ಬಂದದ್ದು ಒಳಗೇ ಉಳಿಯಿತು. ಮೂರನೆಯ ವರ್ಷದಲ್ಲಿ ಮೂರ್ಛೆ ಶುರುವಾಯಿತು. ನಾಯಿಗಳಲ್ಲಿ ಇದು ಅಪರೂಪವಲ್ಲ. ಆರು ತಿಂಗಳಿನಿಂದ ಆರು ವರ್ಷದೊಳಗೆ ಮೂರ್ಛೆ ಆರಂಭವಾಗಿ, ರಕ್ತಪರೀಕ್ಷೆ ಸರಿಯಾಗಿದ್ದು, ಎರಡು ಮೂರ್ಛೆಗಳ ನಡುವೆ ನಾಯಿ ಮಾಮೂಲಾಗಿದ್ದರೆ ವೈದ್ಯರು ಸಾಮಾನ್ಯವಾಗಿ ಇಡಿಯೋಪಥಿಕ್ ಎಪಿಲೆಪ್ಸಿ ಎನ್ನುತ್ತಾರೆ. ಹೊರಗಿನ ಕಾರಣ ಯಾವುದೂ ಸಿಗಲಿಲ್ಲ ಎಂಬುದರ ಗ್ರೀಕ್ ರೂಪ ಅದು.

ಅದು ಹೇಗಿರುತ್ತದೆಂದು ನೋಡದವರಿಗೆ ಹೇಳಬೇಕು. ನಾಯಿ ಪಕ್ಕಕ್ಕೆ ಬೀಳುತ್ತದೆ. ಕಾಲುಗಳು ಮೊದಲು ಕೋಲಿನಂತೆ ಸೆಟೆದು, ಆಮೇಲೆ ಈಜುವಂತೆ ಬಡಿಯುತ್ತವೆ. ದವಡೆ ಕಟಕಟ ಎನ್ನುತ್ತದೆ, ಜೊಲ್ಲು ನೊರೆಯಾಗುತ್ತದೆ, ಮೂತ್ರ ಹೋಗುತ್ತದೆ, ಕಣ್ಣು ತೆರೆದೇ ಇರುತ್ತದೆ. ಒಂದು ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಪಕ್ಕದ ಮನೆಯವರು ಓಡಿಬಂದು ಕಬ್ಬಿಣದ ಬೀಗದಕೈ ಮುಟ್ಟಿಸಿ ಎನ್ನುತ್ತಾರೆ. ನಾಯಿಯ ಪಂಜಕ್ಕೆ ಬೀಗದಕೈ ಹಿಡಿಸುವುದು ಹೇಗೆಂದು ಯಾರೂ ಕೇಳುವುದಿಲ್ಲ. ಮಾಡಬೇಕಾದದ್ದು ಬಹಳ ಕಡಿಮೆ: ಪೆಟ್ಟಾಗುವಂಥ ವಸ್ತುಗಳನ್ನು ಸರಿಸಬೇಕು, ಬಾಯಿಯ ಹತ್ತಿರ ಕೈ ಒಯ್ಯಬಾರದು, ನೀರು ಹಾಕಬಾರದು, ದೀಪ ಆರಿಸಿ ಗಡಿಯಾರ ನೋಡಬೇಕು. ಏನೂ ಮಾಡದೆ ಗಡಿಯಾರ ನೋಡುವುದರಷ್ಟು ಕಠಿಣವಾದ ಕೆಲಸವನ್ನು ನಾನು ಬೇರೆ ಮಾಡಿಲ್ಲ.

ಆದರೆ ಇಂಥ ಪೂರ್ಣ ಮೂರ್ಛೆಯಲ್ಲಿ ನಾಯಿಗೆ ಪ್ರಜ್ಞೆ ಇರುವುದಿಲ್ಲ ಎನ್ನುತ್ತಾರೆ ವೈದ್ಯರು. ಮಿದುಳಿನ ನರಕೋಶಗಳು ಒಟ್ಟಿಗೆ, ಲಯ ತಪ್ಪಿ ವಿದ್ಯುತ್ತು ಹರಿಸುತ್ತಿರುತ್ತವೆ. ಆ ಗದ್ದಲದಲ್ಲಿ ನೋವನ್ನು ನೋವೆಂದು ಅನುಭವಿಸುವ ಚುಕ್ಕಿ ಅಲ್ಲಿಲ್ಲ. 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೆರೆಮಿ ಬೆಂಥಾಮ್ ಪ್ರಾಣಿಗಳ ಬಗ್ಗೆ ಕೇಳಬೇಕಾದ ಪ್ರಶ್ನೆ ಅವು ಯೋಚಿಸಬಲ್ಲವೇ ಎಂಬುದಲ್ಲ, ನೋಯಬಲ್ಲವೇ ಎಂಬುದು ಎಂದ. ನೀತಿಶಾಸ್ತ್ರದ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ನನಗೆ ಆ ಪ್ರಶ್ನೆ ಸಾಲದಾಯಿತು. ನಾಯಿ ನೋಯಬಲ್ಲದು, ಸಂಶಯವಿಲ್ಲ. ಯಾವಾಗ ನೋಯುತ್ತಿದೆ ಎಂಬುದೇ ಕಷ್ಟದ ಪ್ರಶ್ನೆ. ಅತಿ ಹೆಚ್ಚು ನೋಯುತ್ತಿದೆ ಎಂದು ನಮಗೆ ಕಾಣುವ ಹೊತ್ತಿನಲ್ಲಿ ಅದು ಬಹುಶಃ ನೋಯುತ್ತಿಲ್ಲ.

ಚುಕ್ಕಿಯ ಕಷ್ಟ ಆಮೇಲಿನದು. ಎದ್ದ ಮೇಲೆ ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಮೂರು ನಾಲ್ಕು ಗಂಟೆ ಅದು ಮನೆಯಲ್ಲಿ ಅಲೆಯುತ್ತದೆ. ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಸ್ವಲ್ಪ ಹೊತ್ತು ಕಣ್ಣು ಕಾಣುವಂತಿಲ್ಲ. ಮೂಲೆಯಲ್ಲಿ ತಲೆಯಿಟ್ಟು, ಹಿಂದೆ ಸರಿಯುವುದು ಹೇಗೆಂದು ತಿಳಿಯದೆ ನಿಲ್ಲುತ್ತದೆ. ಕರೆದರೆ ನನ್ನ ದನಿ ಗುರುತು ಸಿಗುವುದಿಲ್ಲ. ಈ ಹೊತ್ತಿಗೆ ನೋಡಲು ಬಂದವರೆಲ್ಲ ‘ಸದ್ಯ, ನಿಂತಿತಲ್ಲ’ ಎಂದು ಮನೆಗೆ ಹೋಗಿರುತ್ತಾರೆ. ನೋಡುಗರ ಬೀಭತ್ಸ ಮುಗಿದಿದೆ, ನಾಯಿಯ ಕತ್ತಲೆ ಈಗ ಶುರುವಾಗಿದೆ. ನಮ್ಮ ಕರುಣೆಯ ಸಮಯಪಟ್ಟಿಯೂ ಅದರ ಸಂಕಟದ ಸಮಯಪಟ್ಟಿಯೂ ಹೊಂದುವುದೇ ಇಲ್ಲ.

ಔಷಧಿಯ ಲೆಕ್ಕ ಬರುವುದು ಇಲ್ಲಿ. ಚುಕ್ಕಿಗೆ ಕೊಡುವುದು ಫೀನೋಬಾರ್ಬಿಟಲ್. 1912ರಿಂದ ಮನುಷ್ಯರ ಅಪಸ್ಮಾರಕ್ಕೆ ಬಳಸಿದ ಹಳೆಯ ಮಾತ್ರೆ. ನಾಯಿಗಳಿಗೆ ಇಂದಿಗೂ ಮೊದಲ ಸಾಲಿನದು. ಮಿದುಳಿನಲ್ಲಿ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಬಲಪಡಿಸುತ್ತದೆ. ಬೆಲೆ ಹೆಚ್ಚಿಲ್ಲ, ಆದರೆ ವೈದ್ಯರ ಚೀಟಿಯಿಲ್ಲದೆ ಅಂಗಡಿಯವರು ಕೊಡುವಂತಿಲ್ಲ. ಹನ್ನೆರಡು ಗಂಟೆಗೊಮ್ಮೆ ಕೊಡಬೇಕು. ರಕ್ತದಲ್ಲಿ ಅದರ ಮಟ್ಟ ಸ್ಥಿರವಾಗಲು ಸುಮಾರು ಎರಡು ವಾರ ಬೇಕು. ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಭೀಕರವಾದ ಮೂರ್ಛೆ ಬರಬಹುದು. ಯಕೃತ್ತಿಗೆ ಪೆಟ್ಟಾಗಬಹುದಾದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಬೆಳಿಗ್ಗೆ ಏಳು, ರಾತ್ರಿ ಏಳು. ನನ್ನ ಸಂಶೋಧನೆ ಮಲೆಯ ಮಾದೇಶ್ವರ ಕಾವ್ಯದ ಮೇಲೆ. ಆ ಹಾಡಿಕೆ ಇಡೀ ರಾತ್ರಿ ನಡೆಯುವಂಥದ್ದು, ಕೊಳ್ಳೇಗಾಲದ ಕಡೆ ಹೋದರೆ ಅದೇ ದಿನ ಹಿಂತಿರುಗಲಾಗದು. ಹೋಗುವ ಮುನ್ನ ಎದುರು ಮನೆಯ ಅಜ್ಜಿಗೆ ಮಾತ್ರೆಗಳನ್ನು ಎಣಿಸಿ ಕೊಟ್ಟು, ಸಂಜೆ ಏಳಕ್ಕೆ ಎಲ್ಲಿದ್ದರೂ ಫೋನ್ ಮಾಡುತ್ತೇನೆ. ಇದನ್ನು ತ್ಯಾಗವೆಂದು ಹೇಳುತ್ತಿಲ್ಲ. ಮನೆಯಲ್ಲಿ ವಯಸ್ಸಾದವರಿರುವ ಯಾರಿಗೂ ಗೊತ್ತಿರುವ ದಿನಚರಿ ಇದು.

ನಿಜವಾದ ಬೆಲೆ ತೆರುತ್ತಿರುವುದು ಚುಕ್ಕಿ. ಈ ಮಾತ್ರೆ ನಾಯಿಗೆ ಹಸಿವನ್ನು, ಬಾಯಾರಿಕೆಯನ್ನು ಹೆಚ್ಚಿಸುತ್ತದೆ. ಮೊದಲ ವಾರಗಳಲ್ಲಿ ಹಿಂಗಾಲು ತೊಡರುತ್ತಿದ್ದವು, ಅದು ಹೋಯಿತು. ಹಸಿವು ಹೋಗಲಿಲ್ಲ. ಊಟವಾದ ಹತ್ತು ನಿಮಿಷಕ್ಕೆ ಖಾಲಿ ತಟ್ಟೆಯನ್ನು ನೆಕ್ಕುತ್ತಾ ನಡುಮನೆಯ ತನಕ ತಳ್ಳಿಕೊಂಡು ಬರುತ್ತದೆ. ಹಿಂದೆ ಮಹಡಿಯ ಮೇಲೆ ಗಿಳಿಗಳನ್ನು ಬೊಗಳಲು ಓಡುತ್ತಿದ್ದ ನಾಯಿ ಈಗ ಅಡುಗೆಮನೆಯ ಬಾಗಿಲು ಬಿಟ್ಟು ಕದಲುವುದಿಲ್ಲ. ಇದು ಪ್ರಜ್ಞೆಯಿಲ್ಲದ ಒಂದೂವರೆ ನಿಮಿಷವಲ್ಲ. ಎಚ್ಚರದಲ್ಲಿ, ಇಡೀ ದಿನ, ಪೂರ್ತಿಯಾಗಿ ಅದರದೇ ಆದ ಅನುಭವ. ಇದರಲ್ಲಿ ನಮ್ಮನ್ನು ಬೆಚ್ಚಿಬೀಳಿಸುವಂಥದ್ದೇನೂ ಇಲ್ಲ. ‘ಚೆನ್ನಾಗಿ ತಿನ್ನುತ್ತಲ್ಲ’ ಎಂದು ಬಂದವರು ಮೆಚ್ಚುತ್ತಾರೆ.

ಮಾತ್ರೆಗೆ ಮುಂಚೆ ತಿಂಗಳಿಗೆ ಎರಡು ಸಲ ಬರುತ್ತಿದ್ದ ಮೂರ್ಛೆ ಈಗ ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ಮೂರ್ಛೆಗಳು ಅರ್ಧಕ್ಕಿಂತ ಕಡಿಮೆಯಾದರೆ ಚಿಕಿತ್ಸೆ ಫಲಿಸಿತೆಂದೇ ಪಶುವೈದ್ಯರು ಎಣಿಸುತ್ತಾರೆ. ಪೂರ್ತಿ ನಿಲ್ಲುವುದು ಎಲ್ಲ ನಾಯಿಗಳಿಗೂ ಸಾಧ್ಯವಾಗುವುದಿಲ್ಲ. ಇನ್ನೂ ಕಡಿಮೆ ಮಾಡಲು ಎರಡು ದಾರಿಗಳನ್ನು ನಮ್ಮ ವೈದ್ಯರು ಹೇಳಿದರು. ಮಾತ್ರೆಯ ಪ್ರಮಾಣ ಏರಿಸುವುದು ಒಂದು. ಪೊಟ್ಯಾಸಿಯಂ ಬ್ರೋಮೈಡ್ ಸೇರಿಸುವುದು ಇನ್ನೊಂದು. ಬ್ರೋಮೈಡ್ ಇನ್ನೂ ಹಳೆಯದು, 1857ರಿಂದ ಅಪಸ್ಮಾರದ ಚರಿತ್ರೆಯಲ್ಲಿದೆ. ನಾಯಿಯ ಮೈಯಿಂದ ಅದು ಬಹಳ ನಿಧಾನವಾಗಿ ಹೊರಹೋಗುತ್ತದೆ. ಊಟದ ಉಪ್ಪು ಹೆಚ್ಚುಕಡಿಮೆಯಾದರೂ ಅದರ ಮಟ್ಟ ಏರಿಳಿಯುತ್ತದೆ. ಎರಡು ದಾರಿಯಲ್ಲೂ ಮಂಪರು ಮತ್ತು ಹಸಿವು ಹೆಚ್ಚುವ ಸಂಭವ ಇದೆ. ‘ಎಷ್ಟು ಕಡಿಮೆಯಾದರೆ ಸಾಕು?’ ಎಂದು ಅವರು ಕೇಳಿದರು. ಪ್ರಯೋಗಾಲಯದಿಂದ ಉತ್ತರ ಸಿಗುವ ಪ್ರಶ್ನೆಯಲ್ಲ ಅದು.

ಇಬ್ಬರು ಗೆಳೆಯರು ಎರಡು ಉತ್ತರ ಕೊಟ್ಟರು. ಒಬ್ಬರ ಪ್ರಕಾರ ಮೂರ್ಛೆಯನ್ನು ತಡೆಯುವ ದಾರಿಯಿದ್ದೂ ತಡೆಯದಿರುವುದು ಕ್ರೌರ್ಯ. ಇನ್ನೊಬ್ಬರು, ‘ಪಾಪ, ಯಾಕೆ ನರಳಿಸ್ತೀಯ, ಒಂದು ಇಂಜೆಕ್ಷನ್ ಕೊಡಿಸಿಬಿಡು’ ಎಂದರು. ಕನ್ನಡದಲ್ಲಿ ಕನಿಕರಕ್ಕೂ ಪಾತಕಕ್ಕೂ ಇದೊಂದೇ ಪದ ಇರುವುದು ನನಗೆ ಆ ದಿನ ವಿಚಿತ್ರವಾಗಿ ಕಂಡಿತು. ಒಂದು ಉತ್ತರ ಇನ್ನಷ್ಟು ಔಷಧಿ ಎನ್ನುತ್ತದೆ, ಇನ್ನೊಂದು ಸಾವು ಎನ್ನುತ್ತದೆ. ಆದರೆ ಇಬ್ಬರೂ ಒಂದೇ ದೃಶ್ಯವನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಾತನಾಡುತ್ತಿದ್ದರು: ನೊರೆ, ಸೆಟೆದ ಕಾಲು, ತೆರೆದ ಕಣ್ಣು. ಆ ದೃಶ್ಯ ಇನ್ನೊಮ್ಮೆ ಕಾಣದಂತೆ ಮಾಡುವುದೇ ಎರಡೂ ಸಲಹೆಗಳ ಉದ್ದೇಶ. ಉಳಿದ ಐವತ್ತೊಂಬತ್ತು ದಿನ ಚುಕ್ಕಿ ಹೇಗಿರುತ್ತದೆ ಎಂದು ಇಬ್ಬರೂ ಕೇಳಲಿಲ್ಲ.

ಹಾಗೆಂದು ನೋಡುವವರ ಭಯವನ್ನು ಪೂರ್ತಿ ತಳ್ಳಿಹಾಕಿದರೆ ತಪ್ಪಾಗುತ್ತದೆ. ಮೂರ್ಛೆ ಐದು ನಿಮಿಷ ದಾಟಿದರೆ, ಅಥವಾ ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದರೆ, ಅದು ಪ್ರಾಣಕ್ಕೆ ಅಪಾಯ. ಮೈಬಿಸಿ ಏರುತ್ತದೆ, ಮಿದುಳಿಗೆ ಹಾನಿಯಾಗುತ್ತದೆ. ನಾಯಿಗೆ ಅನುಭವವಾಗುವುದಿಲ್ಲ ಎಂಬ ಕಾರಣಕ್ಕೆ ಮೂರ್ಛೆಯನ್ನು ಲೆಕ್ಕದಿಂದ ಬಿಡುವಂತಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ವೈದ್ಯರ ಫೋನ್ ನಂಬರು, ರಾತ್ರಿ ಬರುವ ಆಟೋದವರ ನಂಬರು ಅಂಟಿಸಿರುವುದು ಇದಕ್ಕೇ.

ಮಹಾಭಾರತದ ಆದಿಪರ್ವದ ಮೊದಲಿಗೇ ಒಂದು ನಾಯಿಯ ಕಥೆ ಬರುತ್ತದೆ. ಸರಮೆಯ ಮರಿ ಜನಮೇಜಯನ ಯಜ್ಞಶಾಲೆಯ ಹತ್ತಿರ ಬಂದಾಗ, ಅದು ಹವಿಸ್ಸನ್ನು ನೋಡಿಲ್ಲ, ನೆಕ್ಕಿಲ್ಲ, ಆದರೂ ಅವನ ತಮ್ಮಂದಿರು ಹೊಡೆಯುತ್ತಾರೆ. ಕಾಣದ ಕಡೆಯಿಂದ ನಿನಗೆ ಭಯ ಬರಲಿ ಎಂದು ಸರಮೆ ಶಪಿಸುತ್ತಾಳೆ. ಅಪಸ್ಮಾರದ ನಾಯಿಯೊಂದಿಗೆ ಬದುಕುವವರಿಗೆ ಆ ಶಾಪದ ಅರ್ಥ ಬೇರೆಯವರು ಹೇಳಬೇಕಿಲ್ಲ. ರಾತ್ರಿ ತಟ್ಟೆ ಬಿದ್ದರೆ, ಉಗುರು ನೆಲಕ್ಕೆ ಉಜ್ಜಿದ ಸದ್ದಾದರೆ ಎದ್ದು ಕೂರುತ್ತೇವೆ. ಚುಕ್ಕಿಗೆ ಈ ಭಯ ಇಲ್ಲ. ತನಗೊಂದು ಕಾಯಿಲೆಯಿದೆ, ಅದು ನಾಳೆ ಮರುಕಳಿಸಬಹುದು ಎಂಬ ತಿಳಿವಳಿಕೆ ಅದಕ್ಕಿಲ್ಲ. ಕಾಣದ ಭಯ ಪೂರ್ತಿ ನನ್ನ ಪಾಲಿಗೆ ಬಂದಿದೆ. ಅದರಿಂದ ಉಪಯೋಗವೂ ಇದೆ: ಏಳು ಗಂಟೆಯನ್ನು ಮರೆಯಗೊಡದಿರುವುದು ಅದೇ. ಕಾವಲಿಗೆ ಭಯ ಒಳ್ಳೆಯದು. ಎಷ್ಟು ಮಾತ್ರೆ ಕೊಡಬೇಕೆಂದು ತೀರ್ಮಾನಿಸುವ ಕೆಲಸವನ್ನು ಅದಕ್ಕೆ ವಹಿಸಲಾಗದು.

ಹಾಗಾದರೆ ಆ ಕೆಲಸ ಯಾರದು? ಚುಕ್ಕಿಯ ಒಪ್ಪಿಗೆ ಕೇಳಲು ಬರುವುದಿಲ್ಲ. ಬಾಳೆಹಣ್ಣಿನ ತುಂಡಿನಲ್ಲಿ ಮಾತ್ರೆ ಹುದುಗಿಸಿ ಕೊಡುತ್ತೇನೆ. ಅದರ ಲೋಕದಲ್ಲಿ ಔಷಧಿ ಎಂಬುದೇ ಇಲ್ಲ, ದಿನಕ್ಕೆರಡು ಸಲ ಬಾಳೆಹಣ್ಣು ಇದೆ. ಇದು ಮೋಸವೇ ಎಂದು ಯೋಚಿಸಿದ್ದೇನೆ. ಸತ್ಯ ಹೇಳಲು ಸಾಧ್ಯವಿರುವ ಕಡೆ ಹೇಳದಿದ್ದರೆ ಮೋಸ. ಇಲ್ಲಿ ಹೇಳುವ ಭಾಷೆಯೇ ಇಲ್ಲ. ಆದರೆ ಕೇಳಿಸಿಕೊಳ್ಳುವ ಭಾಷೆ ಸ್ವಲ್ಪ ಇದೆ. ಮಹಡಿಗೆ ಹೋಯಿತೇ, ಬಾಗಿಲ ಗಂಟೆಗೆ ಎದ್ದಿತೇ, ಮಳೆ ಬಂದಾಗ ಮಣ್ಣು ಮೂಸಿತೇ, ನಿದ್ದೆ ನಿದ್ದೆಯಂತಿತ್ತೇ ಅಥವಾ ಮಂಪರಿನಂತಿತ್ತೇ, ಇವೆಲ್ಲ ಅದು ಕೊಡುವ ಉತ್ತರಗಳೇ. ಮೂರ್ಛೆಯ ದಿನಾಂಕ ಬರೆದಿಡಲು ವೈದ್ಯರು ಹೇಳಿದ್ದ ನೋಟ್‌ಬುಕ್ಕಿನಲ್ಲಿ ನಾನು ಇನ್ನೊಂದು ಅಂಕಣ ಎಳೆದು ಇವನ್ನೂ ಬರೆಯುತ್ತೇನೆ. ಎಡಗಡೆಯ ಅಂಕಣ ತಿಂಗಳುಗಟ್ಟಲೆ ಖಾಲಿ ಇರುತ್ತದೆ. ಬಲಗಡೆಯದು ಪ್ರತಿದಿನ ತುಂಬುತ್ತದೆ. ಪ್ರಮಾಣದ ನಿರ್ಧಾರ ಎಡಗಡೆಯದನ್ನಷ್ಟೇ ನೋಡಿ ಆಗಬಾರದು ಎಂಬುದಷ್ಟೇ ನನ್ನ ವಾದ.

ಸದ್ಯಕ್ಕೆ ಪ್ರಮಾಣ ಏರಿಸುವುದು ಬೇಡವೆಂದು ವೈದ್ಯರೂ ನಾನೂ ಮಾತಾಡಿಕೊಂಡಿದ್ದೇವೆ. ಎರಡು ತಿಂಗಳಿಗೊಂದು ಮೂರ್ಛೆಯನ್ನು ನೋಡಲು ನಾನು ಒಪ್ಪಿದ್ದೇನೆ ಎಂದು ಇದರ ಅರ್ಥ. ಮೂರ್ಛೆಗಳು ಹತ್ತಿರವಾದರೆ, ಒಂದೇ ದಿನ ಎರಡು ಬಂದರೆ, ಬ್ರೋಮೈಡ್ ಸೇರಿಸುತ್ತೇವೆ. ಬಲಗಡೆಯ ಅಂಕಣ ಖಾಲಿಯಾಗುತ್ತಾ ಬಂದರೆ ಎರಡನೆಯ ಗೆಳೆಯರ ಮಾತನ್ನೂ ಎದುರಿಸಬೇಕಾಗುತ್ತದೆ. ಆಗ ಆ ಮಾತು ನನ್ನ ಕಣ್ಣಿಗೆ ಕಂಡದ್ದರಿಂದ ಹುಟ್ಟಿರದೆ, ಚುಕ್ಕಿಯ ದಿನಗಳಿಂದ ಹುಟ್ಟಿರಲಿ ಎಂಬುದು ನನ್ನ ಆಸೆ.

ಮಾತು ಬಾರದವರ ಪರವಾಗಿ ನಿರ್ಧರಿಸುವ ಸಂದರ್ಭ ನಾಯಿ ಸಾಕದವರಿಗೂ ಬರುತ್ತದೆ: ತೊಟ್ಟಿಲ ಮಗು, ನೆನಪು ಕಳೆದುಕೊಂಡ ಅಜ್ಜ, ಐಸಿಯುವಿನಲ್ಲಿರುವ ತಾಯಿ. ಅಲ್ಲಿಯೂ ಹೊರಗೆ ಕುಳಿತ ನಮಗೆ ಮೊದಲು ಕಾಣುವುದು ಕೊಳವೆಗಳು, ಏದುಸಿರು, ಸೆಟೆದ ಕೈ. ಅದನ್ನು ನೋಡಲಾರೆ ಎನ್ನುವುದು ಮನುಷ್ಯಸಹಜ, ನಾಚಿಕೆಪಡಬೇಕಾದದ್ದಲ್ಲ. ‘ನೋಡಲಾರೆ’ ಎಂಬ ಮಾತನ್ನು ‘ಅವರಿಗೆ ತಡೆಯಲಾಗುತ್ತಿಲ್ಲ’ ಎಂದು ಅನುವಾದಿಸುವ ಮುನ್ನ ಮಾತ್ರ ಸ್ವಲ್ಪ ತಡೆಯಬೇಕು, ಮತ್ತು ಆ ತಡೆದ ಹೊತ್ತಿನಲ್ಲಿ ಅವರನ್ನೇ ನೋಡುತ್ತಿರಬೇಕು.