ತನ್ನ ಅಳತೆ ತಾನೇ ತೆಗೆದಾಗ

ಗುರುಗಳ ನಿಲುವಂಗಿಗೆ ಒಂದು ಗುಣವಿದೆ. ಅದು ಹೊಟ್ಟೆಯನ್ನು ಮರೆಮಾಡುತ್ತದೆ. ಪ್ಯಾಂಟು ಬಿಗಿಯಾದರೆ ಮನುಷ್ಯನಿಗೆ ಎಚ್ಚರವಾಗುತ್ತದೆ. ನಿಲುವಂಗಿಯಾದರೋ ವರ್ಷಗಟ್ಟಲೆ ಸುಮ್ಮನಿರುತ್ತದೆ.

ಕೆಲವು ವರ್ಷಗಳ ಹಿಂದೆ ಹಿರೀಸಾವೆಯ ದರ್ಜಿಯೊಬ್ಬರ ಬಳಿ ನಿಲುವಂಗಿ ಹೊಲಿಸಲು ಹೋಗಿದ್ದೆ. ಅವರು ಸೊಂಟಕ್ಕೆ ಟೇಪು ಸುತ್ತಿ "44 ಇಂಚು" ಎಂದರು. "42 ಎಂದು ಬರೆದುಕೊಳ್ಳಿ, ತೂಕ ಇಳಿಸುತ್ತಿದ್ದೇನೆ" ಎಂದೆ. ನಿಜಕ್ಕೂ ಇಳಿಸುತ್ತಿರಲಿಲ್ಲ. ತಪಸ್ಸುಕಾಲ ಬಂದಾಗ ಇಳಿಸಬೇಕೆಂದುಕೊಂಡಿದ್ದೆ, ಅಷ್ಟೆ. ಅವರು ಮರುಮಾತಾಡದೆ ಬರೆದುಕೊಂಡರು. ಅಂಗಿ ಕೈಗೆ ಬಂದಾಗ ನೋಡಿದರೆ, ಒಳಹೊಲಿಗೆಯಲ್ಲಿ ಎರಡೂ ಬದಿಗೆ ಬಟ್ಟೆ ಬಿಟ್ಟಿದ್ದರು. ಮೂರೇ ತಿಂಗಳಲ್ಲಿ ಅದನ್ನು ಬಿಚ್ಚಿಸಬೇಕಾಯಿತು.

ಆನಂತರ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಕಾಣಿಸಿತು. ನಮ್ಮ ದೇಶದ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ಮೀರಿದರೆ ಅಪಾಯವೆಂದು ವೈದ್ಯರು ವಿವರಿಸಿದರು. 90 ಎಂದರೆ ಸುಮಾರು ಮೂವತ್ತೈದೂವರೆ ಇಂಚು! "ನಾನು ಹೆಚ್ಚೇನೂ ಉಣ್ಣುವುದಿಲ್ಲ ಡಾಕ್ಟರೇ" ಎಂದೆ. ಅದು ಸುಳ್ಳೆಂದು ಆ ಕ್ಷಣ ನನಗೆ ಅನ್ನಿಸಲೇ ಇಲ್ಲ. ಮನೆ ಆಶೀರ್ವಾದಕ್ಕೆ ಹೋದಲ್ಲೆಲ್ಲ ತಿಂದ ಕಜ್ಜಾಯ, ಒಬ್ಬಟ್ಟುಗಳು ನನ್ನ ಲೆಕ್ಕದಲ್ಲಿ ಊಟವಾಗಿರಲಿಲ್ಲ. ಆ ಮನೆಯವರ ಪ್ರೀತಿಯಾಗಿದ್ದವು. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಪುಸ್ತಕದಲ್ಲಿ ಇದನ್ನೇ ಕುರಿತು ಬರೆದಿದ್ದಾರೆ. ದೇಹದ ಅಗತ್ಯ ಎಲ್ಲಿ ಮುಗಿಯುತ್ತದೆ, ನಾಲಿಗೆಯ ಆಸೆ ಎಲ್ಲಿ ಆರಂಭವಾಗುತ್ತದೆ ಎಂಬುದು ಅನೇಕ ಸಲ ತಿಳಿಯುವುದಿಲ್ಲ. ತಿಳಿಯದಿರುವುದೇ ಮನಸ್ಸಿಗೆ ಹಿತ, ಏಕೆಂದರೆ ಆರೋಗ್ಯದ ಮರೆಯಲ್ಲಿ ಆಸೆ ಅಡಗಿಕೊಳ್ಳಬಹುದು ಎಂಬುದು ಅವರ ಮಾತಿನ ಭಾವ. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆಯನ್ನೂ ಬರೆದಿದ್ದೆ. ನನ್ನ ತಟ್ಟೆಯವರೆಗೆ ಅದು ಬಂದಿರಲಿಲ್ಲ.

ಒಂದೂವರೆ ವರ್ಷದಲ್ಲಿ 14 ಕಿಲೋ ಇಳಿಯಿತು. ಮತ್ತೆ ಅದೇ ಅಂಗಡಿಗೆ ಹೋದೆ. ಟೇಪು ಸುತ್ತಿ "37" ಎಂದರು. "ಇರಲಾರದು, 40 ಎಂದು ಬರೆಯಿರಿ" ಎಂದೆ. ಅವರು ನಕ್ಕರು. "ಅವತ್ತು ಕಮ್ಮಿ ಬರ್ಕೊಳಿ ಅಂದ್ರಿ, ಇವತ್ತು ಜಾಸ್ತಿ ಬರ್ಕೊಳಿ ಅಂತೀರಿ. ಟೇಪು ಅದೇ ಐತೆ ಸ್ವಾಮಿ."

ಬಸ್ಸಿನಲ್ಲಿ ಹಿಂದಿರುಗುವಾಗ ಈ ಮಾತು ಕಾಡಿತು. ದೇಹ ಇಳಿದರೂ ಮನಸ್ಸಿನೊಳಗಿನ ಚಿತ್ರ ಇಳಿದಿರಲಿಲ್ಲ. ನನಗೆ ಇದು ನಗೆಯಲ್ಲಿ ಮುಗಿಯಿತು. ಕೆಲವರಿಗೆ ಹಾಗಾಗುವುದಿಲ್ಲ. ಅನೊರೆಕ್ಸಿಯಾ ಎಂಬ ಕಾಯಿಲೆಯಲ್ಲಿ ಎಲುಬು ಕಾಣುವಷ್ಟು ಸೊರಗಿದ ಮಗಳಿಗೂ ಕನ್ನಡಿಯಲ್ಲಿ ದಪ್ಪ ದೇಹವೇ ಕಾಣಬಹುದು. ಅದು ಹಟವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ವಯಸ್ಸು 21. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾನು ಯಾರೂ ಅಲ್ಲ. ಆದರೆ ಮದುವೆ ಮನೆಗಳಲ್ಲಿ, ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ, "ಏನಮ್ಮಾ, ಇಷ್ಟು ದಪ್ಪಗಾಗಿಬಿಟ್ಟಿದ್ದೀಯಾ!" ಎಂದು ಎಲ್ಲರೆದುರು ಹೇಳುವವರು ನಾವೇ ಅಲ್ಲವೇ? ನಾನೂ ಹೇಳಿದ್ದೇನೆ. ಆ ಮಗು ತಲೆತಗ್ಗಿಸಿ ನಕ್ಕಿದ್ದು ಈಗ ನೆನಪಾಗುತ್ತದೆ.

ನಿಮ್ಮನ್ನು ಕೇಳುತ್ತೇನೆ: ಪ್ರಾಮಾಣಿಕತೆ ಎಂದರೆ ತನಗೆ ತೋರಿದ್ದನ್ನು ನಂಬುವುದೇ? ನಾನು ಎರಡು ಸಲವೂ ನನಗೆ ತೋರಿದ್ದನ್ನೇ ಹೇಳಿದ್ದೆ. ಎರಡು ಸಲವೂ ತಪ್ಪಿದ್ದೆ. ಹಿರೀಸಾವೆಗೆ ಸಮೀಪದ ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿಯ ಕಥೆಯನ್ನು ಜೈನರು ಹೇಳುವುದುಂಟು. ಬಳ್ಳಿಗಳು ಮೈಗೆ ಹಬ್ಬುವಷ್ಟು ಕಾಲ ತಪಸ್ಸಿಗೆ ನಿಂತರೂ, ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಮುಳ್ಳು ಒಳಗೆ ಉಳಿದೇ ಇತ್ತಂತೆ. ಅಣ್ಣ ಭರತನೇ ಬಂದು ನಮಿಸಿದ ಮೇಲೆ ಅದು ಹೋಯಿತಂತೆ. ಅಂಥ ತಪಸ್ವಿಗೂ ಇನ್ನೊಬ್ಬರು ಬರಬೇಕಾಯಿತು. ನಮ್ಮಲ್ಲಿಯೂ ಗುರುವು ತನಗೆ ತಾನೇ ಪಾಪಕ್ಷಮೆ ನೀಡಿಕೊಳ್ಳುವಂತಿಲ್ಲ. ಬಿಷಪರಾದರೂ, ಜಗದ್ಗುರುಗಳಾದ ಪೋಪರಾದರೂ ಇನ್ನೊಬ್ಬ ಗುರುವಿನ ಮುಂದೆ ಮೊಣಕಾಲೂರಬೇಕು. ಇದನ್ನು ಬಹುಕಾಲ ಬರಿಯ ನಿಯಮವೆಂದು ತಿಳಿದಿದ್ದೆ.

ಹೊಸ ನಿಲುವಂಗಿ 37 ಇಂಚಿನದೇ ಬಂದಿದೆ, ಸರಿಯಾಗಿ ಹೊಂದುತ್ತದೆ. ಒಳಹೊಲಿಗೆಯಲ್ಲಿ ಈ ಸಲವೂ ಬಟ್ಟೆ ಬಿಟ್ಟಿದ್ದಾರೆಯೇ ಎಂದು ನಾನಿನ್ನೂ ನೋಡಿಲ್ಲ.